ಸುಳ್ಳು ಕಣ್ಣೀರನ್ನು ಒಪ್ಪದ ರಂಗಗುರು ಸ್ತಾನಿಸ್ಲಾವ್‌ಸ್ಕಿ

ಮಾಸ್ಕೋ ಸಮೀಪದ ಹಳ್ಳಿಮನೆಯೊಂದರಲ್ಲಿ ಮಕ್ಕಳಿಂದ ನಾಲ್ಕು ಋತುಗಳ ಸ್ತಬ್ಧದೃಶ್ಯ ಏರ್ಪಾಟಾಗಿತ್ತು. ಚಳಿಗಾಲದ ಪಾತ್ರ ಮನೆಯ ಪುಟ್ಟ ಮಗುವಿನದು. ಮೈಗೆ ಹತ್ತಿ ಹೊದಿಸಿ, ಬಿಳಿ ಗಡ್ಡ ಅಂಟಿಸಿ, ಕೈಗೊಂದು ಕಡ್ಡಿ ಕೊಟ್ಟು ಉರಿಯುವ ಮೇಣದಬತ್ತಿಯ ಮುಂದೆ ಕೂರಿಸಿದ್ದರು. ಕಡ್ಡಿಯನ್ನು ಬೆಂಕಿಗೆ ಹಿಡಿದಂತೆ ತೋರಿಸಬೇಕು, ನಿಜವಾಗಿ ಹಿಡಿಯಬಾರದು ಎಂದು ಹಿರಿಯರು ಪದೇ ಪದೇ ಎಚ್ಚರಿಸಿದ್ದರು. ತೋರಿಸುವುದೇಕೆ, ಹಿಡಿದೇ ಬಿಡಬಾರದೇಕೆ ಎಂಬುದು ಮಗುವಿಗೆ ಅರ್ಥವಾಗಲಿಲ್ಲ. ಪರದೆ ಸರಿದಾಗ ಅದು ಕಡ್ಡಿಯನ್ನು ನೇರವಾಗಿ ಜ್ವಾಲೆಗೆ ಒಡ್ಡಿತು. ಹತ್ತಿ ಹೊತ್ತಿಕೊಂಡಿತು. ಹಿರಿಯರು ಓಡಿ ಬಂದು ಮಗುವನ್ನು ಎತ್ತಿಕೊಂಡು ಹೋದರು.

ಆಧುನಿಕ ಅಭಿನಯ ಕಲೆಯ ಗುರುವೆಂದು ಮುಂದೆ ಜಗತ್ತು ಗೌರವಿಸಿದ ಕಾನ್ಸ್ತಾಂತಿನ್ ಸ್ತಾನಿಸ್ಲಾವ್‌ಸ್ಕಿಯವರ ರಂಗಪ್ರವೇಶ ಆದದ್ದು ಹೀಗೆ. ದಶಕಗಳ ನಂತರ ಆತ್ಮಕಥೆ ಬರೆಯುವಾಗ ಅವರು ಈ ಘಟನೆಯನ್ನು ಮೊದಲ ಪುಟಗಳಲ್ಲಿಯೇ ನೆನೆದರು. ರಂಗದ ಮೇಲೆ ಉದ್ದೇಶವಿಲ್ಲದೆ ಸುಮ್ಮನೆ ಕುಳಿತಿರುವಾಗಿನ ಮುಜುಗರ ಮತ್ತು ಅರ್ಥವಿರುವ ಒಂದು ಕೆಲಸ ಮಾಡುವಾಗಿನ ಸುಖ, ಇವೆರಡನ್ನೂ ತಾವು ಅಂದೇ ಅನುಭವಿಸಿದ್ದಾಗಿ ಹೇಳಿಕೊಂಡರು. ಅವರ ಇಡೀ ಬದುಕು ಆ ಮುಜುಗರದಿಂದ ಆ ಸುಖದೆಡೆಗೆ ನಡೆದ ಹಾದಿ ಎಂದರೂ ಸಲ್ಲುತ್ತದೆ. ಆದರೆ ಹಾದಿ ನೇರವಾಗಿರಲಿಲ್ಲ. ಭಾವನೆಯ ಪ್ರಾಮಾಣಿಕತೆಯನ್ನು ಬೋಧಿಸಿದ ಈ ಮನುಷ್ಯ ಅದೇ ಪ್ರಾಮಾಣಿಕತೆಯ ಪರೀಕ್ಷೆಯಲ್ಲಿ ಹಲವು ಬಾರಿ ಸೋತವರು, ಸೋತೆನೆಂದು ಒಪ್ಪಿಕೊಂಡವರು.

ಜರಿ ಕಾರ್ಖಾನೆಯ ಕುಡಿ

ಕಾನ್ಸ್ತಾಂತಿನ್ ಸೆರ್ಗೆಯೆವಿಚ್ ಅಲೆಕ್ಸೆಯೆವ್ ಜನಿಸಿದ್ದು 1863ರ ಜನವರಿ 17ರಂದು, ಮಾಸ್ಕೋದಲ್ಲಿ. ತಂದೆಯದು ಚಿನ್ನ ಮತ್ತು ಬೆಳ್ಳಿಯ ಜರಿ ಎಳೆ ತಯಾರಿಸುವ ದೊಡ್ಡ ಉದ್ಯಮ. ತಾಯಿಯ ತಾಯಿ ಫ್ರಾನ್ಸ್ ದೇಶದ ನಟಿ. ಮನೆಯಲ್ಲಿ ಹಣಕ್ಕೆ ಬರವಿರಲಿಲ್ಲ, ಕಲೆಯ ಅಕ್ಕರೆಗೂ ಬರವಿರಲಿಲ್ಲ. ಲ್ಯುಬಿಮೋವ್ಕದ ಹಳ್ಳಿಮನೆಗೆ ಹೊಂದಿಕೊಂಡಂತೆ 1877ರಲ್ಲಿ ಪುಟ್ಟ ರಂಗಮಂದಿರವೇ ಸಿದ್ಧವಾಯಿತು. ಆಗ ಕಾನ್ಸ್ತಾಂತಿನ್‌ಗೆ 14 ವರ್ಷ. ಅಕ್ಕತಮ್ಮಂದಿರು, ನೆಂಟರಿಷ್ಟರು ಸೇರಿ ಆಡಿದ ಆ ನಾಟಕಗಳ ಕಾಲದಿಂದಲೇ ಹುಡುಗ ಒಂದು ಟಿಪ್ಪಣಿ ಪುಸ್ತಕ ಇಟ್ಟುಕೊಂಡ. ಎಲ್ಲಿ ತಪ್ಪಿದೆ, ಎಲ್ಲಿ ಧ್ವನಿ ಸುಳ್ಳಾಯಿತು, ಯಾವ ಪ್ರಸಿದ್ಧ ನಟನನ್ನು ನಕಲು ಮಾಡಿದೆ ಎಂಬ ಲೆಕ್ಕ ಅದರಲ್ಲಿ ಇರುತ್ತಿತ್ತು. ವರ್ತಕರ ಮನೆಯ ಹುಡುಗನಿಗೆ ಲೆಕ್ಕ ಬರೆಯುವ ಅಭ್ಯಾಸ ಸಹಜವೇ. ಆದರೆ ಈ ಖಾತೆಯಲ್ಲಿ ನಷ್ಟದ ಬಾಬತ್ತೇ ಹೆಚ್ಚಾಗಿತ್ತು ಎಂಬುದು ಗಮನಾರ್ಹ.

ಹಗಲು ಕಾರ್ಖಾನೆಯ ಕಚೇರಿ, ಸಂಜೆ ನಾಟಕ. ಶ್ರೀಮಂತ ಮನೆತನದ ಮಗ ಹವ್ಯಾಸಿ ರಂಗದಲ್ಲಿ ಬಣ್ಣ ಹಚ್ಚುವುದು ಆ ಕಾಲದಲ್ಲಿ ಮರ್ಯಾದೆಯ ವಿಷಯವಾಗಿರಲಿಲ್ಲ. ಹಾಗಾಗಿ 1880ರ ದಶಕದ ಮಧ್ಯಭಾಗದಲ್ಲಿ ಅವರು ಸ್ತಾನಿಸ್ಲಾವ್‌ಸ್ಕಿ ಎಂಬ ಹೆಸರಿನ ಮರೆಗೆ ಸರಿದರು. ನಾಟಕ ಶಾಲೆಯೊಂದಕ್ಕೆ ಸೇರಿ ಕೆಲವೇ ವಾರಗಳಲ್ಲಿ ಬಿಟ್ಟರು. ಅಲ್ಲಿ ಕಲಿಸುತ್ತಿದ್ದುದು ಗುರುವಿನ ಸ್ವರ ಮತ್ತು ಹಾವಭಾವಗಳ ಅನುಕರಣೆಯನ್ನು. ಅವರಿಗೆ ನಿಜವಾದ ಪಾಠ ಸಿಕ್ಕಿದ್ದು ಮಾಸ್ಕೋದ ಮಾಲಿ ರಂಗಮಂದಿರದ ಪ್ರೇಕ್ಷಕರ ಆಸನದಲ್ಲಿ. ಜೀತದಾಳಾಗಿ ಹುಟ್ಟಿ ರಷ್ಯಾದ ಶ್ರೇಷ್ಠ ನಟನಾದ ಮಿಖಾಯಿಲ್ ಶೆಪ್ಕಿನ್ ಅಲ್ಲಿ ಸರಳ, ಸಹಜ ಅಭಿನಯದ ಪರಂಪರೆಯೊಂದನ್ನು ಬಿಟ್ಟುಹೋಗಿದ್ದರು. ಶೆಪ್ಕಿನ್ ತೀರಿಕೊಂಡ ವರ್ಷವೇ ಸ್ತಾನಿಸ್ಲಾವ್‌ಸ್ಕಿ ಹುಟ್ಟಿದ್ದು.

ಇಟಲಿಯ ನಟ ತೊಮ್ಮಾಸೊ ಸಾಲ್ವಿನಿ 1882ರಲ್ಲಿ ಮಾಸ್ಕೋಕ್ಕೆ ಬಂದು ಒಥೆಲೊ ಆಡಿದಾಗ ತರುಣ ಕಾನ್ಸ್ತಾಂತಿನ್ ಮಾರುಹೋದರು. ಸಾಲ್ವಿನಿಯ ಗುಡುಗಿಗಿಂತ ಅವರನ್ನು ಹಿಡಿದಿಟ್ಟದ್ದು ಸಾಲ್ವಿನಿಯ ತಯಾರಿ. ಆ ನಟ ಪ್ರದರ್ಶನಕ್ಕೆ ಗಂಟೆಗಟ್ಟಲೆ ಮೊದಲೇ ರಂಗಮಂದಿರಕ್ಕೆ ಬರುತ್ತಿದ್ದ. ಖಾಲಿ ರಂಗದ ಮೇಲೆ ಅಡ್ಡಾಡುತ್ತಿದ್ದ. ಸ್ವಲ್ಪ ಬಣ್ಣ ಹಚ್ಚಿ ಮತ್ತೆ ರಂಗಕ್ಕೆ ಬರುತ್ತಿದ್ದ, ಇನ್ನಷ್ಟು ಹಚ್ಚಿ ಮತ್ತೆ ಬರುತ್ತಿದ್ದ. ಹಾಗೆ ಹಂತಹಂತವಾಗಿ ಒಥೆಲೊ ಆಗುತ್ತಿದ್ದ. ಎಷ್ಟೋ ಸಲ ಆಡಿದ ಪಾತ್ರಕ್ಕೆ ಇಷ್ಟೊಂದು ಸಿದ್ಧತೆಯೇಕೆ ಎಂಬ ಪ್ರಶ್ನೆ ಸ್ತಾನಿಸ್ಲಾವ್‌ಸ್ಕಿಯವರ ಮನಸ್ಸಿನಲ್ಲಿ ಬೇರುಬಿಟ್ಟಿತು.

1888ರಲ್ಲಿ ಅವರು ಗೆಳೆಯರೊಂದಿಗೆ ಕಲೆ ಮತ್ತು ಸಾಹಿತ್ಯ ಸಂಘವನ್ನು ಸ್ಥಾಪಿಸಿದರು. ಪುಷ್ಕಿನ್‌ನ ಜಿಪುಣ ಯೋಧನ ಪಾತ್ರ ಅವರ ಪಾಲಿಗೆ ಬಂತು. ನೆಲಮಾಳಿಗೆಯಲ್ಲಿ ಹೊನ್ನು ಕಾಯುವ ಮುದುಕನ ಒಳಗನ್ನು ಹಿಡಿಯುವುದು ಹೇಗೆ? ಫ್ರಾನ್ಸಿನ ವಿಶಿ ಪಟ್ಟಣಕ್ಕೆ ಹೋದಾಗ ಸಮೀಪದ ಹಳೆಯ ಕೋಟೆಯ ನೆಲಮಾಳಿಗೆಯಲ್ಲಿ ತಮ್ಮನ್ನು ಕೂಡಿಹಾಕುವಂತೆ ಕೇಳಿಕೊಂಡರು. ಎರಡು ಗಂಟೆ ಕತ್ತಲಲ್ಲಿ ಕುಳಿತರು. ಭಾವ ಬರಲಿಲ್ಲ, ಚಳಿ ಹಿಡಿಯಿತು. ಇದನ್ನು ಅವರು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತ ಬರೆದಿದ್ದಾರೆ. ಪರಿಸರವನ್ನು ತಂದಿಟ್ಟ ಮಾತ್ರಕ್ಕೆ ಭಾವನೆ ಹುಟ್ಟುವುದಿಲ್ಲ ಎಂಬ ಮೊದಲ ಪಾಠ ಅದು. ವಿಚಿತ್ರವೆಂದರೆ ಪಾಠ ಕಲಿತ ಮೇಲೂ ಮುಂದಿನ ಹತ್ತು ಹದಿನೈದು ವರ್ಷ ಅವರು ಪರಿಸರವನ್ನೇ ನೆಚ್ಚಿಕೊಂಡರು.

ಹದಿನೆಂಟು ಗಂಟೆಗಳ ಮಾತುಕತೆ

1897ರ ಜೂನ್ ತಿಂಗಳ ಒಂದು ಮಧ್ಯಾಹ್ನ ಮಾಸ್ಕೋದ ಸ್ಲಾವ್ಯಾನ್‌ಸ್ಕಿ ಬಜಾರ್ ಹೋಟೆಲಿನಲ್ಲಿ ಇಬ್ಬರು ಭೇಟಿಯಾದರು. ಒಬ್ಬರು ಸ್ತಾನಿಸ್ಲಾವ್‌ಸ್ಕಿ, ಇನ್ನೊಬ್ಬರು ನಾಟಕಕಾರ ಹಾಗೂ ನಾಟಕ ಶಿಕ್ಷಕ ವ್ಲದೀಮಿರ್ ನೆಮಿರೋವಿಚ್ ದಾನ್‌ಚೆಂಕೊ. ಮಧ್ಯಾಹ್ನ ಎರಡು ಗಂಟೆಗೆ ಆರಂಭವಾದ ಮಾತು ಮುಗಿದದ್ದು ಮರುದಿನ ಬೆಳಿಗ್ಗೆ ಎಂಟಕ್ಕೆ, ಲ್ಯುಬಿಮೋವ್ಕದ ಮನೆಯಲ್ಲಿ. ಆ ಹದಿನೆಂಟು ಗಂಟೆಗಳಲ್ಲಿ ಮಾಸ್ಕೋ ಆರ್ಟ್ ಥಿಯೇಟರ್‌ನ ರೂಪುರೇಷೆ ಸಿದ್ಧವಾಯಿತು. ಸಾಹಿತ್ಯದ ವಿಷಯದಲ್ಲಿ ಅಂತಿಮ ಮಾತು ನೆಮಿರೋವಿಚ್ ಅವರದು, ರಂಗಪ್ರಯೋಗದ ವಿಷಯದಲ್ಲಿ ಸ್ತಾನಿಸ್ಲಾವ್‌ಸ್ಕಿಯವರದು ಎಂಬ ಒಪ್ಪಂದವೂ ಆಯಿತು. ಈ ಒಪ್ಪಂದವೇ ಮುಂದೆ ಇಬ್ಬರ ನಡುವಿನ ಕಹಿಗೂ ಕಾರಣವಾಯಿತು. ಸಾಹಿತ್ಯ ಎಲ್ಲಿ ಮುಗಿದು ಪ್ರಯೋಗ ಎಲ್ಲಿ ಆರಂಭವಾಗುತ್ತದೆ ಎಂದು ಗೆರೆ ಎಳೆಯಬಲ್ಲವರು ಯಾರು?

ಅವರು ವಿರೋಧಿಸಿದ ರಂಗಭೂಮಿ ಎಂಥದೆಂದು ಕನ್ನಡದ ವೃತ್ತಿರಂಗಭೂಮಿಯ ನೆನಪಿರುವವರಿಗೆ ವಿವರಿಸಬೇಕಿಲ್ಲ. ಪ್ರೇಕ್ಷಕರು ಒನ್ಸ್ ಮೋರ್ ಎಂದು ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ಮತ್ತೊಮ್ಮೆ ಹಾಡಿ ಸಾಯುತ್ತಿದ್ದ ಕಂಪನಿ ನಾಟಕಗಳ ಕಥೆಗಳನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ರಷ್ಯಾದಲ್ಲಿಯೂ ನಟರು ದೃಶ್ಯದ ನಡುವೆಯೇ ಚಪ್ಪಾಳೆಗೆ ತಲೆಬಾಗುತ್ತಿದ್ದರು. ಪ್ರಧಾನ ನಟನಿಗೆ ರಂಗದ ಮಧ್ಯಭಾಗ ಮೀಸಲು. ಮಾತು ಮರೆತರೆ ಹಿಂದಿನಿಂದ ಹೇಳಿಕೊಡುವವನಿದ್ದ. ತಾಲೀಮು ನಾಲ್ಕಾರು ದಿನಗಳಲ್ಲಿ ಮುಗಿಯುತ್ತಿತ್ತು. ಹೊಸ ರಂಗಮಂದಿರದಲ್ಲಿ ನಡುವೆ ತಲೆಬಾಗುವುದು ನಿಂತಿತು, ಅಂಕಗಳ ನಡುವಿನ ವಾದ್ಯಮೇಳ ನಿಂತಿತು. ಇಂದು ನಾಯಕನಾದವನು ನಾಳೆ ಗುಂಪಿನಲ್ಲಿ ಮಾತಿಲ್ಲದೆ ನಿಲ್ಲಲು ಸಿದ್ಧನಿರಬೇಕು ಎಂಬ ನಿಯಮ ಬಂತು. 1898ರ ಬೇಸಗೆಯಲ್ಲಿ ಮಾಸ್ಕೋ ಹೊರವಲಯದ ಪುಷ್ಕಿನೊದಲ್ಲಿ ಕೊಟ್ಟಿಗೆಯಂಥ ಕಟ್ಟಡವೊಂದರಲ್ಲಿ ತಾಲೀಮು ನಡೆಯಿತು. ಅಕ್ಟೋಬರ್‌ನಲ್ಲಿ ಅಲೆಕ್ಸೆಯ್ ತೋಲ್ಸ್ತೊಯ್ ಬರೆದ ಚಾರಿತ್ರಿಕ ನಾಟಕ ‘ತ್ಸಾರ್ ಫ್ಯೋದರ್’ನಿಂದ ರಂಗಮಂದಿರ ಬಾಗಿಲು ತೆರೆಯಿತು. ಅದಕ್ಕಾಗಿ ಸ್ತಾನಿಸ್ಲಾವ್‌ಸ್ಕಿ ತಂಡ ಊರೂರು ಸುತ್ತಿ ಹಳೆಯ ಬಟ್ಟೆ, ಕಸೂತಿ, ಪಾತ್ರೆ ಪಡಗಗಳನ್ನು ಕೊಂಡು ತಂದಿತ್ತು.

ಡಿಸೆಂಬರ್‌ನಲ್ಲಿ ಆಂತೊನ್ ಚೆಕಾಫ್‌ರ ‘ಸೀಗಲ್’ ಬಂತು. ಈ ನಾಟಕ 1896ರಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಹೀನಾಯವಾಗಿ ಸೋತು, ಲೇಖಕರು ನಾಟಕದ ಸಹವಾಸವೇ ಸಾಕೆಂದುಕೊಂಡಿದ್ದರು. ನೆಮಿರೋವಿಚ್ ಹಟ ಹಿಡಿದು ಅನುಮತಿ ಪಡೆದರು. ಸ್ತಾನಿಸ್ಲಾವ್‌ಸ್ಕಿಯವರಿಗೆ ನಾಟಕ ಅರ್ಥವಾಗಿರಲಿಲ್ಲ. ಅರ್ಥವಾಗದೆಯೇ ಊರಾಚೆ ಕುಳಿತು ಪ್ರತಿ ನಡೆ, ಪ್ರತಿ ಮೌನ, ಪ್ರತಿ ಸದ್ದನ್ನೂ ಬರೆದು ಕಳುಹಿಸಿದರು. ಕ್ಷಯದಿಂದ ಬಳಲುತ್ತಿದ್ದ ಚೆಕಾಫ್ ದೂರದ ಯಾಲ್ಟಾದಲ್ಲಿದ್ದರು. ಮತ್ತೊಂದು ಸೋಲು ಅವರ ಜೀವಕ್ಕೇ ಎರವಾದೀತೆಂಬ ಭಯ ಎಲ್ಲರಿಗೂ ಇತ್ತು. ಮೊದಲ ಅಂಕ ಮುಗಿದು ಪರದೆ ಬಿದ್ದಾಗ ಸಭಾಂಗಣ ನಿಶ್ಶಬ್ದ. ಸೋತೆವೆಂದೇ ನಟರು ಭಾವಿಸಿದರು. ಆಮೇಲೆ ಚಪ್ಪಾಳೆ ಸಿಡಿಯಿತು. ಹಾರುವ ಕಡಲಹಕ್ಕಿ ಆ ರಂಗಮಂದಿರದ ಲಾಂಛನವಾಯಿತು.

ಇಷ್ಟಾದರೂ ನಾಟಕ ಕಂಡ ಚೆಕಾಫ್‌ಗೆ ಸ್ತಾನಿಸ್ಲಾವ್‌ಸ್ಕಿಯವರ ಅಭಿನಯ ಹಿಡಿಸಲಿಲ್ಲ. ಲೇಖಕ ತ್ರಿಗೋರಿನ್‌ನ ಪಾತ್ರವನ್ನು ಅವರು ಬಿಳಿಯ ಅಚ್ಚುಕಟ್ಟಾದ ಉಡುಪಿನಲ್ಲಿ, ಹೆಣ್ಣುಗಳ ಮನ ಸೆಳೆಯುವ ಸುಂದರನಂತೆ ಆಡಿದ್ದರು. ಅವನ ಪ್ಯಾಂಟು ಚೌಕುಳಿಯದು, ಬೂಟು ಹರಿದದ್ದು ಎಂದಷ್ಟೇ ಚೆಕಾಫ್ ಸೂಚಿಸಿದರು. ಅದರ ಅರ್ಥ ಹೊಳೆಯಲು ಸ್ತಾನಿಸ್ಲಾವ್‌ಸ್ಕಿಯವರಿಗೆ ಒಂದು ವರ್ಷ ಬೇಕಾಯಿತು. ಹರಿದ ಬೂಟಿನ ಸಾಧಾರಣ ಮನುಷ್ಯನಲ್ಲಿ ಹುಡುಗಿಯೊಬ್ಬಳು ತನ್ನ ಕನಸಿನ ನಾಯಕನನ್ನು ಕಾಣುವುದರಲ್ಲಿಯೇ ಆ ನಾಟಕದ ದುರಂತವಿದೆ. ಸುಂದರನೇ ಬಂದು ನಿಂತರೆ ದುರಂತಕ್ಕೆ ಎಡೆಯೆಲ್ಲಿ?

ಸದ್ದುಗಳ ವಿಷಯದಲ್ಲಿಯೂ ಚೆಕಾಫ್ ತಕರಾರು ತೆಗೆದರು. ಕಪ್ಪೆ, ಜೀರುಂಡೆ, ನಾಯಿ, ಗಾಡಿಯ ಗಂಟೆ ಎಲ್ಲವೂ ಪರದೆಯ ಹಿಂದೆ ದುಡಿಯುತ್ತಿದ್ದವು. ಮುಂದಿನ ನಾಟಕದಲ್ಲಿ ಯಾವ ಹುಳುಹುಪ್ಪಟೆಯೂ ಸದ್ದು ಮಾಡದೆಂದು ಪಾತ್ರವೊಂದರಿಂದ ಹೇಳಿಸುವುದಾಗಿ ಲೇಖಕರು ತಮಾಷೆ ಮಾಡುತ್ತಿದ್ದರಂತೆ. 1904ರ ಜನವರಿಯಲ್ಲಿ ರಂಗಕ್ಕೆ ಬಂದ ‘ಚೆರ್ರಿ ತೋಪು’ ಹಾಸ್ಯನಾಟಕವೆಂದು ಚೆಕಾಫ್ ವಾದಿಸಿದರೆ, ಅದನ್ನು ಓದಿ ಕಣ್ಣೀರಿಟ್ಟಿದ್ದ ಸ್ತಾನಿಸ್ಲಾವ್‌ಸ್ಕಿಯವರಿಗೆ ಅದು ದುರಂತವಾಗಿಯೇ ಕಂಡಿತು. ಅದೇ ಜುಲೈನಲ್ಲಿ ಚೆಕಾಫ್ ತೀರಿಕೊಂಡರು. ವಾದ ಬಗೆಹರಿಯಲಿಲ್ಲ. ಸ್ವಂತ ಕಣ್ಣೀರು ಪ್ರಾಮಾಣಿಕವೇ ಆಗಿದ್ದರೂ ಅದು ಲೇಖಕನ ಉದ್ದೇಶಕ್ಕೆ ಅಡ್ಡಬರಬಹುದು ಎಂಬ ಕಠಿಣ ಸತ್ಯ ಆ ಜಗಳದಲ್ಲಿದೆ.

ಫಿನ್ಲೆಂಡಿನ ಕಡಲತಡಿಯಲ್ಲಿ

1906ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಜರ್ಮನಿ ಮುಂತಾದೆಡೆ ಪ್ರವಾಸ ಹೋಗಿ ಕೀರ್ತಿ ಹೊತ್ತು ಮರಳಿತು. ಸ್ತಾನಿಸ್ಲಾವ್‌ಸ್ಕಿಯವರಿಗೆ ಆಗ 43 ವರ್ಷ. ಹೆಸರಿತ್ತು, ಹಣವಿತ್ತು, ಯುರೋಪಿನ ಮನ್ನಣೆಯಿತ್ತು. ಆ ಬೇಸಗೆಯಲ್ಲಿ ಫಿನ್ಲೆಂಡಿನ ಕಡಲತಡಿಯಲ್ಲಿ ಕುಳಿತು ಅವರು ತಮ್ಮ ಅಭಿನಯವನ್ನು ಪರೀಕ್ಷಿಸಿಕೊಂಡಾಗ ಸಿಕ್ಕಿದ್ದು ಬರೀ ಟೊಳ್ಳು.

ಅವರಿಗೆ ಅತ್ಯಂತ ಪ್ರಿಯವಾದದ್ದು ಇಬ್ಸನ್‌ನ ಡಾ. ಸ್ಟಾಕ್‌ಮನ್ ಪಾತ್ರ. 1900ರಲ್ಲಿ ಆ ಪಾತ್ರ ಅವರಿಗೆ ತಾನಾಗಿ ಒಲಿದಿತ್ತು. ಸತ್ಯ ಹೇಳಿ ಊರಿಗೆಲ್ಲ ಬೇಡವಾಗುವ ವೈದ್ಯನ ಮುಗ್ಧತೆ, ಅವನ ಅವಸರದ ನಡಿಗೆ, ಮುಂದಕ್ಕೆ ಚಾಚಿದ ಎರಡು ಬೆರಳು, ಎಲ್ಲವೂ ಒಳಗಿನಿಂದಲೇ ಬಂದಿದ್ದವು. 1901ರಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ವಿದ್ಯಾರ್ಥಿ ಚಳವಳಿಯ ಮೇಲೆ ಪೊಲೀಸರು ಎರಗಿದ ದಿನವೇ ಈ ನಾಟಕ ನಡೆದು, ಪ್ರೇಕ್ಷಕರು ವೇದಿಕೆಯತ್ತ ನುಗ್ಗಿ ಬಂದಿದ್ದರು. ಈಗ ಅದೇ ನಡಿಗೆ, ಅದೇ ಬೆರಳು ಉಳಿದಿದ್ದವು. ಅವುಗಳನ್ನು ಹುಟ್ಟಿಸಿದ ಭಾವ ಮಾತ್ರ ಇರಲಿಲ್ಲ. ಪ್ರತಿ ರಾತ್ರಿ ತಾವು ಮಾಡುತ್ತಿದ್ದುದು ಸತ್ತ ಭಾವವೊಂದರ ನಕಲು ಎಂದು ಅವರಿಗೆ ಅರಿವಾಯಿತು. ಪ್ರೇಕ್ಷಕರು ಇದನ್ನು ಗುರುತಿಸಿರಲಿಲ್ಲ ಎಂಬುದು ಅವರಿಗೆ ಸಮಾಧಾನ ತರಲಿಲ್ಲ. ಬೇರೆಯವರಾಗಿದ್ದರೆ ಅಷ್ಟಕ್ಕೆ ತೃಪ್ತರಾಗುತ್ತಿದ್ದರೇನೋ.

ಪ್ರೇರಣೆ ಬಂದಾಗ ಮಹಾನಟನೂ ಬಾರದಾಗ ಯಂತ್ರವೂ ಆಗುವುದಾದರೆ ಕಲೆಗೇನು ಭರವಸೆ? ಪ್ರೇರಣೆಯನ್ನು ಬಲವಂತವಾಗಿ ಎಳೆತರಲಾಗದು, ಆದರೆ ಅದು ಬರಲು ಹದವಾದ ನೆಲವನ್ನು ಸಿದ್ಧಪಡಿಸಬಹುದೆ? ಈ ಪ್ರಶ್ನೆಯಿಂದ ಹುಟ್ಟಿದ್ದೇ ಇಂದು ಜಗತ್ತಿನಾದ್ಯಂತ ನಾಟಕ ಶಾಲೆಗಳಲ್ಲಿ ಕಲಿಸುವ ಸ್ತಾನಿಸ್ಲಾವ್‌ಸ್ಕಿ ಪದ್ಧತಿ. ಭರತನ ನಾಟ್ಯಶಾಸ್ತ್ರ ಕಣ್ಣೀರು, ರೋಮಾಂಚ, ಗದ್ಗದಗಳನ್ನು ಸಾತ್ವಿಕವೆಂದು ಬೇರೆಯಾಗಿಯೇ ಎಣಿಸಿ, ಅವು ಮನಸ್ಸು ಒಂದೆಡೆ ನಿಂತಾಗ ಮಾತ್ರ ಹುಟ್ಟುವಂಥವು ಎಂದಿದೆ. ಆ ಮನಸ್ಸನ್ನು ಒಂದೆಡೆ ನಿಲ್ಲಿಸುವ ದಿನನಿತ್ಯದ ಅಭ್ಯಾಸವನ್ನು ರಷ್ಯಾದ ಈ ನಟ ತನ್ನದೇ ಹಾದಿಯಲ್ಲಿ ಹುಡುಕತೊಡಗಿದ ಎನ್ನಬಹುದು.

ಪದ್ಧತಿಯ ತಿರುಳು ಸರಳವಾಗಿದೆ. ಮೈ ಬಿಗಿದುಕೊಂಡ ನಟನಲ್ಲಿ ಭಾವ ಸುಳಿಯದು, ಆದ್ದರಿಂದ ಮೊದಲು ಸ್ನಾಯುಗಳ ಬಿಗುವು ಸಡಿಲಾಗಬೇಕು. ಕತ್ತಲಿನ ಆಚೆ ಕುಳಿತ ಸಾವಿರ ಕಣ್ಣುಗಳನ್ನು ಮರೆಯಲು ಗಮನವನ್ನು ಎದುರಿಗಿನ ಮೇಜು, ದೀಪ, ಸಹನಟನ ಮುಖದಂಥ ಸಣ್ಣ ವೃತ್ತದೊಳಗೆ ಕಟ್ಟಬೇಕು. ತಾನು ಹ್ಯಾಮ್ಲೆಟ್ ಎಂದು ನಂಬಿಸಿಕೊಳ್ಳುವ ಗೋಜಿಗೆ ಹೋಗದೆ, ಈ ಸನ್ನಿವೇಶದಲ್ಲಿ ನಾನೇ ಸಿಕ್ಕಿಕೊಂಡಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿಕೊಳ್ಳಬೇಕು. ಈ ‘ಆಗಿದ್ದರೆ’ ಎಂಬ ಪದದಲ್ಲಿ ಅವರಿಗೆ ಮಾಂತ್ರಿಕ ಶಕ್ತಿ ಕಂಡಿತು. ಅದು ನಟನಿಂದ ಸುಳ್ಳು ನಂಬಿಕೆಯನ್ನು ಕೇಳುವುದಿಲ್ಲ, ಪ್ರಾಮಾಣಿಕ ಉತ್ತರವನ್ನಷ್ಟೇ ಕೇಳುತ್ತದೆ.

ಅವರ ಪಠ್ಯದಲ್ಲಿ ಬರುವ ಒಂದು ಪಾಠ ಇದನ್ನು ಚೆನ್ನಾಗಿ ತಿಳಿಸುತ್ತದೆ. ಪರದೆಯ ಮಡಿಕೆಯಲ್ಲಿ ಅಡಗಿಸಿಟ್ಟ ಒಡವೆಯ ಪಿನ್ನನ್ನು ಹುಡುಕುವಂತೆ ವಿದ್ಯಾರ್ಥಿನಿಗೆ ಹೇಳುತ್ತಾರೆ. ಆಕೆ ರಂಗದ ಮೇಲೆ ಅತ್ತಿತ್ತ ಧಾವಿಸಿ, ತಲೆ ಹಿಡಿದುಕೊಂಡು, ನಿಟ್ಟುಸಿರಿಟ್ಟು ಭಾರೀ ಅಭಿನಯ ನೀಡುತ್ತಾಳೆ. ಪಿನ್ ಎಲ್ಲಿ ಎಂದು ಕೇಳಿದರೆ ಅದನ್ನು ಹುಡುಕುವುದನ್ನೇ ಮರೆತಿದ್ದಾಳೆ! ಅದು ಸಿಗದಿದ್ದರೆ ಶಾಲೆಯಿಂದ ಹೊರನಡೆಯಬೇಕಾದೀತು ಎಂದು ತಿಳಿದಾಗ ಆಕೆಯ ಕಣ್ಣು, ಕೈ, ಉಸಿರು ಎಲ್ಲವೂ ಬದಲಾಗುತ್ತವೆ. ಮಡಿಕೆ ಮಡಿಕೆಯನ್ನೂ ಮೌನವಾಗಿ ಬಿಡಿಸುತ್ತಾಳೆ. ನೋಡುವವರ ಎದೆ ಹಿಂಡಿದ್ದು ಎರಡನೆಯದು, ಆಕೆಗೆ ಸೊಗಸೆನಿಸಿದ್ದು ಮೊದಲನೆಯದು.

ಫ್ರೆಂಚ್ ಮನಶ್ಶಾಸ್ತ್ರಜ್ಞ ರಿಬೊ ಅವರ ಬರಹಗಳಿಂದ ಭಾವಸ್ಮೃತಿಯ ಕಲ್ಪನೆಯನ್ನು ಅವರು ಪಡೆದರು. ನಟ ತನ್ನ ಬಾಳಿನ ಹಳೆಯ ದುಃಖ, ಭಯ, ಹಿಗ್ಗುಗಳನ್ನು ನೆನಪಿನಿಂದ ಎಬ್ಬಿಸಿ ಪಾತ್ರಕ್ಕೆ ಎರೆಯಬೇಕು ಎಂಬುದು ಅದರ ಸಾರ. ಇದರ ಅಪಾಯವೂ ಬೇಗನೆ ಗೋಚರಿಸಿತು. ನಾಟಕಕಾರ ಚೆಕಾಫ್‌ರ ಅಣ್ಣನ ಮಗ ಮಿಖಾಯಿಲ್ ಚೆಕಾಫ್ ಅವರ ಅತ್ಯಂತ ಪ್ರತಿಭಾವಂತ ಶಿಷ್ಯರಲ್ಲಿ ಒಬ್ಬ. ಅಭ್ಯಾಸದ ವೇಳೆ ಆತ ತನ್ನ ತಂದೆಯ ಶವಸಂಸ್ಕಾರವನ್ನು ಎದೆ ಕಲಕುವಂತೆ ಅಭಿನಯಿಸಿದಾಗ ಗುರು ತಬ್ಬಿಕೊಂಡರೆಂದೂ, ತಂದೆ ಇನ್ನೂ ಜೀವಂತವಾಗಿದ್ದಾರೆಂದು ಆಮೇಲೆ ತಿಳಿದು ಮುನಿದರೆಂದೂ ರಂಗವಲಯದಲ್ಲಿ ಪ್ರಸಿದ್ಧವಾದ ಕಥೆಯಿದೆ. ಅಂದು ಗೆದ್ದದ್ದು ನೆನಪೋ ಕಲ್ಪನೆಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಸಹನಟರಿಗೆ ಈ ಹುಡುಕಾಟ ಸುಖಕರವಾಗಿರಲಿಲ್ಲ. ತಾಲೀಮಿನ ನಡುವೆ ಸಭಾಂಗಣದ ಕತ್ತಲಿನಿಂದ, ತಮಗೆ ನಂಬಿಕೆ ಬರಲಿಲ್ಲವೆಂದು ಅವರು ಕೂಗಿದರೆ ಅನುಭವಿ ನಟರೂ ಕಂಗಾಲಾಗುತ್ತಿದ್ದರು. 1909ರಲ್ಲಿ ತುರ್ಗೇನೆವ್‌ರ ‘ಹಳ್ಳಿಯಲ್ಲೊಂದು ತಿಂಗಳು’ ನಾಟಕದಲ್ಲಿ ಹೊಸ ಪದ್ಧತಿಯನ್ನು ಪೂರ್ಣವಾಗಿ ಪ್ರಯೋಗಿಸಿದಾಗ ಓಡಾಟ, ಕೈಬೀಸುವಿಕೆಗಳನ್ನೆಲ್ಲ ಕತ್ತರಿಸಿ, ನಟರನ್ನು ಬೆಂಚಿನ ಮೇಲೆ ಕೂರಿಸಿ, ಬರೀ ನೋಟ ಮತ್ತು ಮೌನದಿಂದ ಒಳಗಿನದನ್ನು ಹೊರತರುವಂತೆ ಒತ್ತಾಯಿಸಿದರು. ನಾಯಕಿಯ ಪಾತ್ರದ ಓಲ್ಗಾ ಕ್ನಿಪ್ಪರ್, ದಿವಂಗತ ಚೆಕಾಫ್‌ರ ಪತ್ನಿ, ತಾಲೀಮುಗಳಲ್ಲಿ ತೀರ ಬಳಲಿದರು. ತಮ್ಮ ಇರವೇ ಅವರಿಗೆ ಹಿಂಸೆಯಾಗುತ್ತಿದೆ ಎಂದು ಅರಿತ ಸ್ತಾನಿಸ್ಲಾವ್‌ಸ್ಕಿ ಕೆಲಕಾಲ ದೂರ ಉಳಿದು, ಹೂಗಳ ಜೊತೆ ಪತ್ರ ಕಳುಹಿಸಿದರು. ನಾಟಕ ಗೆದ್ದಿತು. ಆದರೂ ಹಿರಿಯ ನಟರ ಅಪನಂಬಿಕೆ ಕರಗಲಿಲ್ಲ. ಹಾಗಾಗಿ 1912ರಲ್ಲಿ ತರುಣರಿಗಾಗಿಯೇ ಮೊದಲ ಸ್ಟುಡಿಯೊ ಆರಂಭವಾಯಿತು.

ಕೈತಪ್ಪಿದ ಪಾತ್ರ

ದಾಸ್ತಯೆವ್‌ಸ್ಕಿಯ ‘ಸ್ತೆಪಾಂಚಿಕೊವೊ ಗ್ರಾಮ’ದ ಕರ್ನಲ್ ರೊಸ್ತಾನೆವ್ ತೀರ ಮೃದು ಮನಸ್ಸಿನ, ಎಲ್ಲರನ್ನೂ ನಂಬುವ ಮನುಷ್ಯ. 1891ರಲ್ಲಿ ತಮ್ಮ ಸಂಘದ ಪ್ರಯೋಗದಲ್ಲಿ ಈ ಪಾತ್ರ ಮಾಡಿದಾಗ ತಾವೂ ಪಾತ್ರವೂ ಒಂದೇ ಆದೆವೆಂದು ಸ್ತಾನಿಸ್ಲಾವ್‌ಸ್ಕಿಯವರಿಗೆ ಅನಿಸಿತ್ತು. ನಟನ ಬಾಳಿನಲ್ಲಿ ಒಮ್ಮೆ ಸಿಗುವ ಭಾಗ್ಯವದು. ಕಾಲು ಶತಮಾನದ ಬಳಿಕ ಆರ್ಟ್ ಥಿಯೇಟರ್ ಅದೇ ಕಥೆಯನ್ನು ಕೈಗೆತ್ತಿಕೊಂಡಾಗ ಪಾತ್ರ ಮತ್ತೆ ಅವರಿಗೇ ಬಂತು.

ಈ ಬಾರಿ ಅದು ಒಲಿಯಲಿಲ್ಲ. ತಿಂಗಳುಗಟ್ಟಲೆ ತಾಲೀಮು ಎಳೆಯಿತು. ತಾವೇ ರೂಪಿಸಿದ ಪ್ರತಿಯೊಂದು ಸಾಧನವನ್ನೂ ಬಳಸಿದರು, ಅಗೆದಷ್ಟೂ ನೀರು ಆಳಕ್ಕೆ ಸರಿಯಿತು. ಕೊನೆಗೆ 1917ರ ವಸಂತದಲ್ಲಿ, ರಷ್ಯಾದಲ್ಲಿ ತ್ಸಾರ್ ಪದಚ್ಯುತನಾದ ಕೆಲವೇ ವಾರಗಳಲ್ಲಿ, ವೇಷಭೂಷಣದ ತಾಲೀಮಿನ ಹಂತದಲ್ಲಿ ನೆಮಿರೋವಿಚ್ ಪಾತ್ರವನ್ನು ಅವರಿಂದ ತೆಗೆದು ಇನ್ನೊಬ್ಬ ನಟನಿಗೆ ಕೊಟ್ಟರು.

ರಂಗಮಂದಿರದ ಸ್ಥಾಪಕರಲ್ಲೊಬ್ಬರು ಅವರು. ಜಗತ್ತಿಗೆ ಹೆಸರಾದ ನಟ. ಬಯಸಿದ್ದರೆ ರಂಪ ಮಾಡಬಹುದಿತ್ತು, ತಂಡವನ್ನು ಒಡೆಯಬಹುದಿತ್ತು. ಅವರು ತೀರ್ಮಾನಕ್ಕೆ ತಲೆಬಾಗಿದರು. ನಾಟಕ ಅವರಿಲ್ಲದೆಯೇ ಪ್ರದರ್ಶನ ಕಂಡಿತು. ಆ ನಂತರ ಹೊಸ ನಾಟಕವೊಂದರಲ್ಲಿ ಹೊಸ ಪಾತ್ರವನ್ನು ಅವರು ಎಂದಿಗೂ ಸೃಷ್ಟಿಸಲಿಲ್ಲ. ಹಳೆಯ ಪ್ರಯೋಗಗಳಲ್ಲಿ ಮಾತ್ರ ಬಣ್ಣ ಹಚ್ಚಿದರು. ನೆಮಿರೋವಿಚ್ ಕ್ರೂರಿಯೆಂದು ಬರೆದವರಿದ್ದಾರೆ, ಪದ್ಧತಿಯೇ ನಟನನ್ನು ನುಂಗಿತೆಂದವರೂ ಇದ್ದಾರೆ. ಎರಡನೆಯ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ತನ್ನ ಉಸಿರನ್ನೇ ಎಣಿಸುತ್ತ ಕುಳಿತವನಿಗೆ ಸಹಜವಾಗಿ ಉಸಿರಾಡುವುದು ಕಷ್ಟ.

ಆ ವರ್ಷದ ಕ್ರಾಂತಿ ಅವರ ಕಾರ್ಖಾನೆಯನ್ನೂ ಸಂಪತ್ತನ್ನೂ ಕೊಂಡೊಯ್ದಿತು. 1921ರಲ್ಲಿ ವಾಸದ ಮನೆಯೂ ಹೋಗಿ, ಲಿಯೊಂತ್ಯೆವ್‌ಸ್ಕಿ ಓಣಿಯ ಕಟ್ಟಡವೊಂದಕ್ಕೆ ಬಂದರು. ಅದರ ನಡುಮನೆಯಲ್ಲಿ ನಾಲ್ಕು ಕಂಬಗಳಿದ್ದವು. ಅಲ್ಲಿಯೇ 1922ರಲ್ಲಿ ಚೈಕೋವ್‌ಸ್ಕಿಯ ‘ಯೆವ್ಗೇನಿ ಅನ್ಯೇಗಿನ್’ ಗೀತನಾಟಕವನ್ನು ತರುಣ ಗಾಯಕರಿಂದ ಆಡಿಸಿದರು. ಕಂಬಗಳೇ ತೋಟ, ಕಂಬಗಳೇ ಅರಮನೆ. ಒಂದು ಕಾಲಕ್ಕೆ ಪಾತ್ರೆ ಪಡಗಕ್ಕಾಗಿ ಊರೂರು ಸುತ್ತಿದವರು ಇವರೇ ಎಂದರೆ ನಂಬುವುದು ಕಷ್ಟ.

1922ರಿಂದ 1924ರವರೆಗೆ ತಂಡ ಯುರೋಪ್ ಮತ್ತು ಅಮೆರಿಕದಲ್ಲಿ ಪ್ರವಾಸ ಮಾಡಿತು. ಮಗನಿಗೆ ಕ್ಷಯ, ಚಿಕಿತ್ಸೆಗೆ ಹಣ ಬೇಕಿತ್ತು. ಬಿಡುವಿನ ವೇಳೆಯಲ್ಲಿ ಹೇಳಿ ಬರೆಯಿಸಿದ ಆತ್ಮಕಥೆ ‘ಕಲೆಯಲ್ಲಿ ನನ್ನ ಜೀವನ’ 1924ರಲ್ಲಿ ಮೊದಲು ಇಂಗ್ಲಿಷಿನಲ್ಲಿ ಬಂತು. ರಷ್ಯನ್ ಭಾಷೆಗೆ ಅದನ್ನು ತಿದ್ದಿ ಬರೆದು 1926ರಲ್ಲಿ ಪ್ರಕಟಿಸಿದರು. 1928ರ ಅಕ್ಟೋಬರ್‌ನಲ್ಲಿ ರಂಗಮಂದಿರದ ಮೂವತ್ತನೇ ವರ್ಷದ ಸಂಭ್ರಮ. ‘ಮೂವರು ಅಕ್ಕತಂಗಿಯರು’ ನಾಟಕದ ಮೊದಲ ಅಂಕದಲ್ಲಿ ವೆರ್ಶಿನಿನ್ ಆಗಿ ನಟಿಸುತ್ತಿರುವಾಗಲೇ ಅವರಿಗೆ ಹೃದಯಾಘಾತವಾಯಿತು. ಅಂಕವನ್ನು ಮುಗಿಸಿಯೇ ಒಳಗೆ ಹೋದರು. ಮತ್ತೆ ರಂಗವೇರಲಿಲ್ಲ.

ತಿರುವುಮುರುವಾದ ಪದ್ಧತಿ

ಅಂತಿಮ ದಶಕದಲ್ಲಿ ಅವರು ಹೆಚ್ಚಾಗಿ ಮನೆಯಲ್ಲಿಯೇ ಉಳಿದರು. ಸೋವಿಯತ್ ಸರ್ಕಾರ ಅವರನ್ನು ಜೀವಂತ ಸ್ಮಾರಕದಂತೆ ಪೋಷಿಸಿತು, ಅವರ ಹೆಸರನ್ನು ಅಧಿಕೃತ ಮುದ್ರೆಯಾಗಿ ಬಳಸಿತು. ತಾಲೀಮುಗಳು ವರ್ಷಗಟ್ಟಲೆ ಎಳೆದವು. ಬುಲ್ಗಾಕೊವ್‌ರ ಮೊಲಿಯೇರ್ ಕುರಿತ ನಾಟಕ ಅಂಥ ದೀರ್ಘ ತಾಲೀಮುಗಳಲ್ಲಿ ಸಿಕ್ಕಿ, 1936ರಲ್ಲಿ ಕೊನೆಗೂ ರಂಗಕ್ಕೆ ಬಂದು ಏಳೇ ಪ್ರದರ್ಶನಗಳಲ್ಲಿ ನಿಂತಿತು. ನೊಂದ ಲೇಖಕ, ಮನೆಯಿಂದ ಹೊರಬಾರದೆ ನಟರನ್ನು ವಿಚಿತ್ರ ಅಭ್ಯಾಸಗಳಿಂದ ಕಾಡುವ ಮುದಿ ನಿರ್ದೇಶಕನ ಚಿತ್ರವನ್ನು ಕಾದಂಬರಿಯೊಂದರಲ್ಲಿ ಬಿಡಿಸಿದರು. 1965ರಲ್ಲಷ್ಟೇ ಪ್ರಕಟವಾದ ಆ ಚಿತ್ರ ವ್ಯಂಗ್ಯವಾದರೂ ಸುಳ್ಳಲ್ಲ.

ಆದರೆ ಅದೇ ಮುದುಕ ಆ ಕೊಠಡಿಯಲ್ಲಿ ತಮ್ಮ ಪದ್ಧತಿಯನ್ನೇ ತಿರುವುಮುರುವು ಮಾಡುತ್ತಿದ್ದರು. ಭಾವನೆಯನ್ನು ಹಿಂಡಿ ತೆಗೆಯಲು ಹೊರಟಷ್ಟೂ ಅದು ಅಡಗುತ್ತದೆ ಎಂಬ ನಿರ್ಧಾರಕ್ಕೆ ಅವರು ಬಂದಿದ್ದರು. ಅದರ ಬದಲು ನಟ ಸಣ್ಣದೊಂದು ಕೆಲಸವನ್ನು ನಿಜವಾಗಿ ಮಾಡಲಿ. ಬಾಗಿಲು ಮುಚ್ಚಲಿ, ಕಾಗದ ಬಚ್ಚಿಡಲಿ, ಎದುರಿನವನನ್ನು ತಡೆಯಲಿ. ಕೆಲಸ ನಿಜವಾದರೆ ಭಾವ ತಾನಾಗಿ ಹಿಂಬಾಲಿಸುತ್ತದೆ. 1934ರಲ್ಲಿ ಪ್ಯಾರಿಸ್‌ನಲ್ಲಿ ತಮ್ಮನ್ನು ಕಂಡ ಅಮೆರಿಕದ ನಟಿ ಸ್ಟೆಲ್ಲಾ ಆಡ್ಲರ್‌ಗೆ ಐದು ವಾರ ಪಾಠ ಹೇಳುವಾಗ, ಖಾಸಗಿ ನೆನಪಿಗಿಂತ ನಾಟಕದ ಸನ್ನಿವೇಶ ಮತ್ತು ಕ್ರಿಯೆ ಮುಖ್ಯವೆಂದು ಅವರು ತಿಳಿಸಿದರು. ಆಕೆ ಮರಳಿ ಹೋಗಿ ಇದನ್ನು ವಿವರಿಸಿದಾಗ, ಭಾವಸ್ಮೃತಿಯನ್ನೇ ಪದ್ಧತಿಯ ಜೀವಾಳ ಮಾಡಿಕೊಂಡಿದ್ದ ಲೀ ಸ್ಟ್ರಾಸ್‌ಬರ್ಗ್ ಒಪ್ಪಲಿಲ್ಲ. ಗುರು ಬಿಟ್ಟುಬಂದ ಮನೆಯಲ್ಲಿಯೇ ಶಿಷ್ಯಪರಂಪರೆಯ ಒಂದು ಕವಲು ಬೀಡುಬಿಟ್ಟಿತು.

ಮೊಲಿಯೇರ್‌ನ ‘ತಾರ್ತುಫ್’ ನಾಟಕವನ್ನು ಈ ಹೊಸ ಕ್ರಮದಲ್ಲಿ ಕೆಲವು ನಟರಿಗೆ ಅವರು ಕಲಿಸಿದರು. ಪ್ರದರ್ಶನದ ಗುರಿಯಿರಲಿಲ್ಲ, ಕಲಿಕೆಯೇ ಗುರಿ. ಅವರ ಮರಣಾನಂತರ 1939ರಲ್ಲಿ ನಟರೇ ಅದನ್ನು ಪೂರ್ಣಗೊಳಿಸಿ ಪ್ರದರ್ಶಿಸಿದರು.

ಬದುಕಿನ ಕೊನೆಯ ತಿಂಗಳುಗಳ ಇನ್ನೊಂದು ನಡೆಯನ್ನು ಹೇಳದಿದ್ದರೆ ಈ ಚಿತ್ರ ಅಪೂರ್ಣ. ವ್ಸೆವೊಲೊದ್ ಮೆಯೆರ್‌ಹೋಲ್ಡ್ ಆರ್ಟ್ ಥಿಯೇಟರ್‌ನ ಮೊದಲ ತಂಡದಲ್ಲಿದ್ದ ನಟ, ‘ಸೀಗಲ್’ನ ತರುಣ ಲೇಖಕ ತ್ರೆಪ್ಲೆವ್‌ನ ಪಾತ್ರಧಾರಿ. ಮುಂದೆ ಗುರುವಿನ ಸಹಜತಾವಾದವನ್ನು ತಿರಸ್ಕರಿಸಿ, ರಂಗಭೂಮಿ ರಂಗಭೂಮಿಯಾಗಿಯೇ ಕಾಣಬೇಕೆಂದು ಸಾರಿ, ಎದುರು ದಡದಲ್ಲಿ ನಿಂತವರು. ಸ್ತಾಲಿನ್ ಆಡಳಿತಕ್ಕೆ ಅವರ ಪ್ರಯೋಗಗಳು ಸಹ್ಯವಾಗಲಿಲ್ಲ. 1938ರ ಜನವರಿಯಲ್ಲಿ ಮೆಯೆರ್‌ಹೋಲ್ಡ್ ರಂಗಮಂದಿರಕ್ಕೆ ಬೀಗ ಬಿತ್ತು. ಅವರೊಂದಿಗೆ ಕಾಣಿಸಿಕೊಳ್ಳಲೂ ಜನ ಹೆದರುತ್ತಿದ್ದ ದಿನಗಳಲ್ಲಿ, 75 ವರ್ಷದ ರೋಗಿ ಸ್ತಾನಿಸ್ಲಾವ್‌ಸ್ಕಿ ಅವರನ್ನು ಮನೆಗೆ ಕರೆಸಿಕೊಂಡು ತಮ್ಮ ಗೀತನಾಟಕ ರಂಗಮಂದಿರದಲ್ಲಿ ಕೆಲಸ ಕೊಟ್ಟರು. ಮೂವತ್ತು ವರ್ಷಗಳ ಸೈದ್ಧಾಂತಿಕ ವಿರೋಧ ಅದಕ್ಕೆ ಅಡ್ಡಬರಲಿಲ್ಲ.

1938ರ ಆಗಸ್ಟ್ 7ರಂದು ಸ್ತಾನಿಸ್ಲಾವ್‌ಸ್ಕಿ ನಿಧನರಾದರು. ನಟನ ಸ್ವಸಾಧನೆಯ ಕುರಿತ ಅವರ ಗ್ರಂಥ ಅಮೆರಿಕದಲ್ಲಿ 1936ರಲ್ಲಿಯೇ ಬಂದಿದ್ದರೂ ರಷ್ಯನ್ ಆವೃತ್ತಿ ಹೊರಬಂದದ್ದು ಅವರ ಸಾವಿನ ಬಳಿಕ. ಅವರು ಅರ್ಧಕ್ಕೆ ಬಿಟ್ಟುಹೋದ ವೆರ್ದಿಯ ‘ರಿಗೊಲೆಟ್ಟೊ’ ಗೀತನಾಟಕವನ್ನು ಮೆಯೆರ್‌ಹೋಲ್ಡ್ ಪೂರ್ಣಗೊಳಿಸಿ 1939ರಲ್ಲಿ ರಂಗಕ್ಕೆ ತಂದರು. ಅದೇ ಜೂನ್‌ನಲ್ಲಿ ಪೊಲೀಸರು ಮೆಯೆರ್‌ಹೋಲ್ಡ್ ಅವರನ್ನು ಬಂಧಿಸಿದರು. 1940ರ ಫೆಬ್ರವರಿಯಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು.